ಸೆರಗಿನ ಹಿಂಬದಿ

ಸಂಶೋಧನೆಗೆ ಇಳಿದ ಮೊದಲ ವಾರವೇ ಇಳಕಲ್ಲಿನ ಒಂದು ಓಣಿಯ ಅರ್ಧ ಮಂದಿಯ ಸಿಟ್ಟು ಕಟ್ಟಿಕೊಂಡೆ. ತಪ್ಪು ನನ್ನದಲ್ಲ, ಪುಸ್ತಕದ್ದು ಎಂದು ಆಗ ವಾದಿಸುತ್ತಿದ್ದೆ. ಪಕ್ಷಪಾತವಿಲ್ಲದ ಮಾದರಿ ಬೇಕಿದ್ದರೆ ಪ್ರತಿ ಮೂರನೆಯ ಮನೆಗೆ ಹೋಗು ಎಂದು ಪುಸ್ತಕ ಹೇಳಿತ್ತು. ನಾನು ಶ್ರದ್ಧೆಯಿಂದ ಎರಡು ಮನೆ ದಾಟಿ ಮೂರನೆಯದರ ಬಾಗಿಲು ತಟ್ಟುತ್ತಿದ್ದೆ. ಎರಡನೆಯ ದಿನ ಒಬ್ಬಾಕೆ ಕಟ್ಟೆಯ ಮೇಲೆ ನಿಂತು ನನ್ನನ್ನು ತಡೆದರು.

"ಯಾಕವ್ವಾ, ನಮ್ಮ ಮನ್ಯಾಗ ಮನಷ್ಯಾರಿಲ್ಲೇನು? ಬಾಜೂ ಮನ್ಯಾಗ ಚಾ ಕುಡದಿ, ನಮ್ಮ ಮನಿ ಹೊಸ್ತಲಾ ತುಳೀಲಿಲ್ಲ. ನಮ್ಮಿಂದ ಏನ ತಪ್ಪಾಗೇತಿ ಹೇಳು."

ಮಾದರಿ ಆರಿಸುವುದೆಂದರೇನು ಎಂದು ಬಿಡಿಸಿ ಹೇಳಲು ನೋಡಿದೆ. "ಅದೆಲ್ಲಾ ಇರ್ಲಿ, ಮೊದಲ ಒಳಗ ಬಾ" ಎಂದರು. ಅಂದಿನಿಂದ ಎಲ್ಲ ಮನೆಗೂ ಹೋಗಿ ಚಹಾ ಕುಡಿದು, ಮೂರನೆಯ ಮನೆಯಲ್ಲಿ ಮಾತ್ರ ಪ್ರಶ್ನಾವಳಿ ಹೊರಗೆ ತೆಗೆಯುತ್ತಿದ್ದೆ. ಹೊಟ್ಟೆ ಕೆಟ್ಟಿತು, ಮಾದರಿ ಉಳಿಯಿತು.

ನಾನು ಬಾಗಲಕೋಟೆಯ ನವನಗರದವಳು. ಈಗ ಕಾಲೇಜಿನಲ್ಲಿ ಸಂಶೋಧನಾ ವಿಧಾನದ ಪಾಠ ಮಾಡುತ್ತೇನೆ. ಮೂಲ ಸಂಶೋಧನೆ, ಅನ್ವಯಿಕ ಸಂಶೋಧನೆ, ಎಣಿಸಿ ತಿಳಿಯುವುದು, ಕೇಳಿ ತಿಳಿಯುವುದು ಎಂದು ಹಲಗೆಯ ಮೇಲೆ ಗೆರೆ ಎಳೆದು ವಿಂಗಡಿಸುತ್ತೇನೆ. ಹುಡುಗಿಯರು ನೀಟಾಗಿ ಬರೆದುಕೊಳ್ಳುತ್ತಾರೆ. ಅವರ ವಯಸ್ಸಿನಲ್ಲಿ ನಾನೂ ಹಾಗೆಯೇ ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಹೆಚ್ಚು ಅಂಕವನ್ನೂ ತೆಗೆದಿದ್ದೆ. ಅದೇ ಧಿಮಾಕಿನಲ್ಲಿ ಇಳಕಲ್ಲಿಗೆ ಹೋದೆ. ಕೈಮಗ್ಗದ ಕುಟುಂಬಗಳ ದುಡಿಮೆ ನನ್ನ ವಿಷಯ.

ಆ ಓಣಿಯ ಮೂರನೆಯ ಮನೆಗಳಲ್ಲಿ ಒಂದರಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಹೆಣ್ಣುಮಕ್ಕಳನ್ನು ಹುನಗುಂದದ ಕಡೆ ಕೊಟ್ಟಿದ್ದರು. ಅಜ್ಜನವರಿಗೆ ಎಪ್ಪತ್ತು ದಾಟಿತ್ತು, ಕಣ್ಣು ಮಂದ. ನಾನು ಹೋದಾಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆಯ ಮೈ ನೇಯುತ್ತಿದ್ದರು. ಅವರ ಹೆಸರು ಇದ್ದದ್ದು ಸೆರಗಿಗೆ. ಕೆಂಪು ರೇಷ್ಮೆಯ ಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ಏಳುವ ಬಿಳಿ ಸಾಲುಗಳು ಅವರ ಕೈಯಲ್ಲಿ ಎಷ್ಟು ಚೂಪಾಗಿ ಬರುತ್ತಿದ್ದವೆಂದರೆ, ಪೇಟೆಯ ಸಾಹುಕಾರರು ಸೀರೆ ಮಡಿಕೆ ಬಿಚ್ಚಿದ ಕೂಡಲೇ "ಇದು ಅವರ ಕೈ" ಎನ್ನುತ್ತಿದ್ದರು. ಹೆಂಡತಿ ಹತ್ತು ಹನ್ನೆರಡು ವರ್ಷ ಚಿಕ್ಕವರು, ಗಟ್ಟಿ ದನಿಯ ಹೆಂಗಸು. ನನ್ನನ್ನು ತಂಗಿ ಎಂದು ಕರೆಯುತ್ತಿದ್ದರು. ನೀವೇನು ಕೆಲಸ ಮಾಡುತ್ತೀರಿ ಎಂದು ನಾನು ಕೇಳಿದ್ದಕ್ಕೆ, ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಲೇ, "ನಾ ಏನ ಮಾಡ್ತೇನಿ ತಂಗಿ, ಮನ್ಯಾಗ ಇರ್ತೇನಿ" ಎಂದರು. ನಾನು ಆ ಸಾಲಿನಲ್ಲಿ ಗೃಹಿಣಿ ಎಂದು ಬರೆದೆ. ಆ ಅಕ್ಷರ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ನಮ್ಮ ಅವ್ವನ ಹತ್ತಿರ ಆ ಮನೆಯ ಹಳೆಯ ಸೀರೆಯೊಂದಿತ್ತು. ನಾನೂ ಅವರ ಹತ್ತಿರ ಹೊಸದೊಂದು ಕೊಂಡೆ. ಒಂದು ಮಧ್ಯಾಹ್ನ ಎರಡನ್ನೂ ಮಂಚದ ಮೇಲೆ ಹಾಸಿ ಹೋಲಿಸುತ್ತಿದ್ದೆ. ಮುಂದಿನಿಂದ ಎರಡೂ ಒಂದೇ. ಸುಮ್ಮನೆ ತಿರುಗಿಸಿ ಹಾಸಿದೆ.

"ಸೀರಿ ನೋಡೂದಾದ್ರ ಮುಂದಿನಿಂದ ನೋಡ. ಹಿಂದಿನಿಂದ ಯಾರ ನೋಡ್ತಾರ?" ಎಂದು ಅವ್ವ ಬೈದಳು.

ಎಳೆ ಬದಲಿಸುವ ಕಡೆ ನೇಕಾರರು ತುದಿಯನ್ನು ಹಿಂಬದಿಗೆ ಸಿಕ್ಕಿಸುತ್ತಾರೆ. ಅವ್ವನ ಸೀರೆಯ ಸೆರಗಿನಲ್ಲಿ ಆ ತುದಿಗಳೆಲ್ಲ ಬಲಕ್ಕೆ ಬಾಗಿದ್ದವು. ನನ್ನದರಲ್ಲಿ ಎಡಕ್ಕೆ. ಪರಿಚಯದವರ ಮನೆಗಳಿಗೆ ಹೋಗಿ, ಆ ಮಗ್ಗದ ಸೀರೆ ಇದೆಯೇ ಎಂದು ಕೇಳಿ, ಹಿಂಬದಿಯ ಫೋಟೋ ತೆಗೆದುಕೊಳ್ಳತೊಡಗಿದೆ. ಈ ಹುಡುಗಿಗೆ ಏನೋ ಆಗಿದೆ ಎಂದು ಮಂದಿ ನಕ್ಕರು. ಯಾವ ಮದುವೆಗೆ ಕೊಂಡದ್ದು, ಯಾವ ಸೀಮಂತಕ್ಕೆ ಬಂದದ್ದು ಎಂದು ಪ್ರತಿ ಸೀರೆಗೂ ಜಾತಕ ಬರೆದೆ. ಹಳೆಯವೆಲ್ಲ ಬಲಕ್ಕೆ. ಈಚಿನ ಐದಾರು ವರ್ಷದವೆಲ್ಲ ಎಡಕ್ಕೆ.

ಬಲಗೈಯವರು ಸಿಕ್ಕಿಸಿದ ತುದಿ ಒಂದು ಕಡೆ ಬಾಗಿದರೆ ಎಡಗೈಯವರದು ಇನ್ನೊಂದು ಕಡೆ. ಸೆರಗು ನೇಯುವ ಕೈ ಬದಲಾಗಿದೆ ಎನ್ನುವುದು ನನ್ನ ಊಹೆ. ಮನೆಯಲ್ಲಿ ಇನ್ನೊಂದು ಕೈ ಎಂದರೆ ಹೆಂಡತಿಯದೇ. ಆ ತಾಯಿ ಎಡಚಿಯೇ? ಎರಡು ದಿನ ಕಣ್ಣು ನೆಟ್ಟು ನೋಡಿದೆ. ಚಹಾದ ಬಟ್ಟಲು ಕೊಟ್ಟದ್ದು ಬಲಗೈಯಿಂದ. ರೊಟ್ಟಿಯ ತಾಟು ಕೊಟ್ಟದ್ದು, ಹೊರಡುವಾಗ ಕುಂಕುಮ ಹಚ್ಚಿದ್ದು ಎಲ್ಲ ಬಲಗೈಯಿಂದ. ಊಹೆ ತಪ್ಪು ಎಂದು ಡೈರಿಯಲ್ಲಿ ಬರೆದು, ಮುಖ ಸಣ್ಣದು ಮಾಡಿಕೊಂಡು ನಮ್ಮ ಗೈಡ್ ಬಳಿ ಹೋದೆ.

ಅವರು ನಿವೃತ್ತಿಯ ಅಂಚಿನಲ್ಲಿದ್ದ ಪ್ರಾಧ್ಯಾಪಕರು, ಇದ್ದದ್ದು ಬಾದಾಮಿಯಲ್ಲಿ. ಕೆರೂರಿನಲ್ಲಿ ಬಸ್ಸು ಬದಲಿಸಿ ಅವರ ಮನೆ ತಲುಪುವಷ್ಟರಲ್ಲಿ ನನ್ನ ಅರ್ಧ ಧೈರ್ಯ ಉಡುಗಿರುತ್ತಿತ್ತು. ಡೈರಿ ಓದಿ ಅವರು ಕನ್ನಡಕ ತೆಗೆದರು.

"ನೀ ಯಾವ ಊರಾಕಿ?"

"ಬಾಗಲಕೋಟಿ, ಸರ್."

"ಲಂಡನ್ನಿನಾಕಿ ಇದ್ದರ ಮಾಫ್ ಮಾಡ್ತಿದ್ದೆ. ನಮ್ಮ ಕಡೆ ಬಂದವರಿಗೆ ಎಡಗೈಲೆ ಚಹಾ ಯಾರು ಕೊಡ್ತಾರವಾ? ಎಡಚಿ ಇದ್ದರೂ ಬಲಗೈಲೇ ಕೊಡ್ತಾಳ. ಕೊಡೂ ಕೈ ನೋಡಬ್ಯಾಡ, ದುಡಿಯೂ ಕೈ ನೋಡು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರ್ಯಾರು ಸುಮ್ಮನ ಅಂದಿಲ್ಲ."

ನನ್ನ ಸ್ವಂತ ಅಕ್ಕ ಎಡಗೈಯಲ್ಲಿ ಪ್ರಸಾದ ಹಿಡಿದಳೆಂದು ಅಜ್ಜಿಯಿಂದ ಏಟು ತಿಂದದ್ದನ್ನು ಕಣ್ಣಾರೆ ಕಂಡವಳು ನಾನು. ಆದರೂ ಹೊಳೆದಿರಲಿಲ್ಲ. ಪುಸ್ತಕ ಕೈಗೆ ಬಂದ ಮೇಲೆ ನಮ್ಮ ಮನೆಯದೇ ನಮಗೆ ಮರೆತುಹೋಗುತ್ತದೆ.

ಮುಂದಿನ ಸಲ ಹೋದಾಗ ಆ ತಾಯಿ ಹಿತ್ತಲ ಬಾಗಿಲ ಬಳಿ ಕಂಡಿಕೆ ಸುತ್ತುತ್ತಿದ್ದರು. ಅಜ್ಜನವರು ನೆರೆಯವರ ಕೈ ಹಿಡಿದು ಮಠದ ಪ್ರವಚನಕ್ಕೆ ಹೋಗಿದ್ದರು. ಓಣಿಯ ಉಳಿದ ಹೆಂಗಸರೆಲ್ಲ ಬಲಗೈಯಲ್ಲಿ ರಾಟೆ ತಿರುಗಿಸಿ ಎಡಗೈಯಲ್ಲಿ ಎಳೆ ಹಿಡಿಯುತ್ತಿದ್ದರು. ಇವರು ತಿರುಗಿಸುತ್ತಿದ್ದದ್ದು ಎಡಗೈಯಲ್ಲಿ. ಅಷ್ಟು ದಿನ ಅದು ನನ್ನ ಕಣ್ಣ ಮುಂದೆಯೇ ತಿರುಗಿತ್ತು. ಸಂತೋಷ ತಡೆಯಲಾಗದೆ, ಎಂದಿನಂತೆ ಮಾತು ರೆಕಾರ್ಡ್ ಮಾಡುತ್ತಿದ್ದ ಮೊಬೈಲನ್ನೇ ಎತ್ತಿ ಎರಡೂ ಸೆರಗಿನ ಹಿಂಬದಿಯ ಫೋಟೋ ತೋರಿಸಿದೆ. ರಾಟೆ ನಿಂತಿತು.

"ಮೊದಲ ಆ ರೆಕಾರ್ಡ ಬಂದ ಮಾಡ" ಎಂದರು.

ಬಂದ್ ಮಾಡಿದೆ.

"ಆರ ವರ್ಷ ಆತು, ತಂಗಿ. ಅವರಿಗೆ ಎಳಿ ಕಾಣೂದಿಲ್ಲ. ಮೈ ನೇಯ್ತಾರ, ಅದು ಕೈಕಾಲಿಗೆ ರೂಢಿ ಆಗೇತಿ. ಸೆರಗ ನಂದು. ಯಾರಿಗೂ ಗೊತ್ತಿಲ್ಲ, ಸಾವಕಾರಗೂ ಗೊತ್ತಿಲ್ಲ. ನೀ ಇದನ್ನ ಬರೀಬ್ಯಾಡ."

"ಖರೆ ನೇಯಾಕಿ ನೀವ್ರಿ, ಅವ್ವಾರ. ನಿಮ್ಮ ಕೆಲಸ ಮಂದಿಗೆ ಗೊತ್ತಾಗಬೇಕಲ್ರಿ?"

"ಗೊತ್ತಾಗಿ ಏನ ಆಗಬೇಕೈತಿ? ಅವರ ಸೆರಗ ಅನ್ನೂದೊಂದಕ್ಕ ಅವರು ಮುಂಜಾನೆದ್ದು ಮಗ್ಗದ ಕುಣ್ಯಾಗ ಇಳೀತಾರ. ಅದು ಹೋತಂದ್ರ ಇಳಿಯೂದಿಲ್ಲ. ಇಳೀಲಿಲ್ಲಂದ್ರ ಅವರು ಭಾಳ ದಿವಸ ಇರೂದಿಲ್ಲ. ನಾ ಬಲ್ಲೆ."

ಬರೆಯುವುದಿಲ್ಲ ಎಂದು ನಾನು ಅಲ್ಲಿ ಮಾತು ಕೊಡಲಿಲ್ಲ. ನೋಡೋಣ್ರಿ ಎಂದೆ. ಬಸ್ಸಿನಲ್ಲಿ ಕೂತಾಗ ನನ್ನ ತಲೆಯೊಳಗೆ ಆಗಲೇ ಅಧ್ಯಾಯದ ಮೊದಲ ವಾಕ್ಯ ತಯಾರಾಗಿತ್ತು. ಒಬ್ಬ ಹೆಣ್ಣುಮಗಳ ಕಲೆಯನ್ನು ಗಂಡನ ಹೆಸರಿನ ಕೆಳಗಿನಿಂದ ಹೊರಗೆ ತೆಗೆಯುತ್ತಿದ್ದೇನೆ ಎಂಬ ಹೆಮ್ಮೆ. ಹೆಮ್ಮೆಯ ಒಳಗೆ ನನ್ನ ಹೆಸರಿನ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ? ನಾಲ್ಕು ದಿನದಲ್ಲಿ ಅಧ್ಯಾಯ ಮುಗಿಸಿ ಬಾದಾಮಿಗೆ ಒಯ್ದೆ.

ಗೈಡ್ ಓದಿದರು. ಎರಡು ಸಲ ಓದಿದರು. "ಇಂಥಾದ್ದು ಹತ್ತು ವರ್ಷಕ್ಕೊಂದು ಸಿಗ್ತದ" ಎಂದರು. ನಾನು ಹಿಗ್ಗಿದೆ. ಆಮೇಲೆ ಕೇಳಿದರು, "ಆಕಿ ಹೂಂ ಅಂದಾಳೇನು?"

"ಹೆಸರು ಹಾಕಿಲ್ಲ, ಸರ್. ಒಬ್ಬ ಹಿರಿಯ ನೇಕಾರ ಅಂತ ಅಷ್ಟ ಬರದೇನಿ."

"ಆ ಓಣ್ಯಾಗ ಸೆರಗಿಗೆ ಹೆಸರಾದ, ಕಣ್ಣು ಮಂದಾದ ಹಿರಿಯ ನೇಕಾರರು ಎಷ್ಟು ಮಂದಿ ಇದ್ದಾರ?"

"ಒಬ್ಬರ, ಸರ್."

"ಹಾಂಗಾದ್ರ ನೀ ಹೆಸರು ಬಿಟ್ಟು ವಿಳಾಸ ಬರದಿ."

ಪ್ರಶ್ನಾವಳಿಗೆ ಮೊದಲು ಒಪ್ಪಿಗೆ ಪತ್ರಕ್ಕೆ ಆ ತಾಯಿ ಸಹಿ ಮಾಡಿದ್ದನ್ನು ತೋರಿಸಿದೆ. ಅವರು ಆ ಹಾಳೆಯನ್ನು ನನ್ನ ಕಡೆಗೇ ತಿರುಗಿಸಿ ಇಟ್ಟರು. "ಇದು ನಿನ್ನ ಪ್ರಶ್ನೆಗಳಿಗೆ ಮಾಡಿದ ಸಹಿ. ಸೀರಿ ಹೊಳ್ಳಿಸಿ ನೋಡಾಕಿ ನೀನು ಅಂತ ಇದರಾಗ ಎಲ್ಲಿ ಬರದಿ? ನಾ ಬ್ಯಾಡ ಅನ್ನೂದಿಲ್ಲ. ಪ್ರಬಂಧ ನಿಂದು. ನೀನ ವಿಚಾರ ಮಾಡು."

ಬೇಡ ಎಂದು ಗದರಿಸಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಕಂಡದ್ದು ಕಂಡಹಾಗೆ ಹೇಳಿದರೆ ಕೆಂಡದಂಥ ಕೋಪ ಎಂದು ಗೊಣಗುತ್ತ ಮನೆಗೆ ಬಂದೆ. ಒಂದು ವಾರ ಸತ್ಯ ದೊಡ್ಡದು ಎಂದುಕೊಂಡೆ, ಮುಂದಿನ ವಾರ ಆ ಮನುಷ್ಯ ಕುಣಿಗೆ ಇಳಿಯದೆ ಗೋಡೆಗೆ ಒರಗಿ ಕೂತ ಚಿತ್ರ ಕಣ್ಣಿಗೆ ಕಟ್ಟಿತು. ಕೊನೆಗೆ ಅಧ್ಯಾಯವನ್ನು ತೆಗೆದುಹಾಕಿದೆ. ಇಳಕಲ್ಲಿಗೆ ಹೋಗಿ ಆ ತಾಯಿಗೆ ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡರು.

ಅದಾದ ಮೇಲೂ ನಾಲ್ಕೈದು ಸಲ ಆ ಮನೆಗೆ ಹೋದೆ. ಅಜ್ಜನವರ ಜೊತೆ ಮಾತಾಡುವಾಗ ನನ್ನ ದನಿ ತಾನಾಗಿ ಮೆತ್ತಗಾಗುತ್ತಿತ್ತು. ಬಿಸಿಲು, ಮೊಮ್ಮಕ್ಕಳು, ಮೊಣಕಾಲು ನೋವು ಇಷ್ಟೇ ವಿಚಾರಿಸುತ್ತಿದ್ದೆ. ಸೆರಗಿನ ಮಾತು ಬಂದರೆ ಬೇರೆ ಕಡೆ ತಿರುಗಿಸುತ್ತಿದ್ದೆ. ಅವರ ಮಾನ ಕಾಯುತ್ತಿದ್ದೇನೆ ಎಂದು ಒಳಗೊಳಗೇ ಸಮಾಧಾನ.

ಮೌಖಿಕ ಪರೀಕ್ಷೆಗೆ ದಕ್ಷಿಣದ ಕಡೆಯಿಂದ ಬಂದಿದ್ದ ಪರೀಕ್ಷಕರು ಪ್ರಬಂಧದ ಪುಟ ಮಗುಚಿ, "ಅಂಕಿಅಂಶಗಳೆಲ್ಲ ಅಚ್ಚುಕಟ್ಟಾಗಿವೆ. ಆದರೆ ಇದರಲ್ಲಿ ಹೊಸದೇನಿದೆ ಅಮ್ಮಾ?" ಎಂದರು. ಗೈಡ್ ತಲೆ ಎತ್ತಿ, ತಿರುಗುತ್ತಿದ್ದ ಫ್ಯಾನು ನೋಡುತ್ತ ಕೂತಿದ್ದರು. ಎಡಕ್ಕೆ ಬಾಗಿದ ಎಳೆಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. "ಹೊಸದು ಹೆಚ್ಚೇನೂ ಇಲ್ಲ, ಸರ್" ಎಂದೆ. ಪದವಿ ಸಿಕ್ಕಿತು. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅತ್ತೆ. ಸಿಟ್ಟಿಗೆ ಅತ್ತದ್ದು ಅದು.

ಹೋದ ವರ್ಷ ಓಣಿಯ ಹೆಂಗಸೊಬ್ಬರು ಫೋನಿನಲ್ಲಿ ಅಜ್ಜನವರು ತೀರಿಕೊಂಡ ಸುದ್ದಿ ಹೇಳಿದರು. ಕೊನೆಯ ತಿಂಗಳವರೆಗೂ ಮಗ್ಗಕ್ಕೆ ಇಳಿಯುತ್ತಿದ್ದರಂತೆ. ಕೆಲವು ವಾರ ಬಿಟ್ಟು ಹೋದೆ. ಕುಣಿಯಲ್ಲಿ ಆ ತಾಯಿ ಒಬ್ಬರೇ ಕೂತು ಮೈಯನ್ನೂ ತಾವೇ ನೇಯುತ್ತಿದ್ದರು. ನನ್ನನ್ನು ನೋಡಿ ಅತ್ತರು, ನಾನೂ ಅತ್ತೆ. ಚಹಾ ಆದ ಮೇಲೆ, ಕೇಳಲೋ ಬೇಡವೋ ಎನ್ನುತ್ತ, "ಈಗ ಬರೀಲೇನ್ರಿ?" ಎಂದೆ.

"ಬರಿ. ಹೆಸರ ಬ್ಯಾಡ, ಓಣಿ ಬ್ಯಾಡ." ಮಗ್ಗದ ಕಡೆ ನೋಡಿದರು. "ಬರಿಯೂದಾದ್ರ ಇದನ್ನೂ ಬರಿ. ಅವರಿಗೆ ನೀ ಹುಡಿಕಿದ್ದು ಗೊತ್ತಾಗಿತ್ತು."

"ನೀವು ಹೇಳಿದ್ರೇನ್ರಿ?"

"ನಾ ಎಲ್ಲಿ ಹೇಳಲಿ? ಕಣ್ಣಿಲ್ಲದವರಿಗೆ ಕಿವಿ ಭಾಳ ಇರ್ತಾವ. ಹಾಸಿಗಿ ಹಿಡದಾಗ ಹಿರಿ ಮಗಳ ಮುಂದ ಅಂದಾರ. ಅವರು ಹೋದ ಮ್ಯಾಲೆ ಆಕಿ ನನಗ ಹೇಳಿದ್ಲು. 'ಆ ಬರಕೊಳ್ಳಾಕ ಬರೂ ಹುಡಿಗಿ ದನಿ ಒಂದ ದಿವಸ ಬದಲಾತು. ಅಕಿಗೆ ತಿಳದೈತಿ ಅಂತ ನನಗ ಗೊತ್ತಾತು. ಇವತ್ತ ಕೇಳ್ತಾಳ, ನಾಳೆ ಕೇಳ್ತಾಳ ಅಂತ ದಾರಿ ನೋಡಿದೆ, ಕೇಳಲಿಲ್ಲ. ಕೇಳಿದ್ರ ಹೇಳ್ತಿದ್ದೆ, ಸೆರಗ ನನ್ನ ಹೆಂಡ್ತಿದು, ನನಕಿಂತ ಚಲೋ ನೇಯ್ತಾಳ ಅಂತ' ಅಂದ್ರಂತ."

ಎಷ್ಟು ತಾಸು ದುಡಿಯುತ್ತೀರಿ, ಎಷ್ಟು ದಿನಕ್ಕೆ ಸೀರೆ ಮುಗಿಯುತ್ತದೆ, ಮಗ್ಗ ಯಾವಾಗಿನದು, ಎಲ್ಲವನ್ನೂ ಆ ಮನುಷ್ಯನಿಗೆ ಕೇಳಿದ್ದೆ.

"ನಿಮ್ಮ ಮುಂದ ಒಂದ ಸಲನೂ ಅಂದಿದ್ದಿಲ್ಲೇನ್ರಿ?" ಎಂದೆ.

"ಹೆಂಡ್ತಿ ಮುಂದ ಯಾವ ಗಂಡಸ ಅಂತಾನ ತಂಗಿ? ಬಂದವರು ಯಾರಾದ್ರೂ ಕೇಳಿದ್ರ ಅಂತಿದ್ದರು. ನೀ ಒಂದ ಮಾತ ಕೇಳಿದ್ದರ, ಅವರ ಬಾಯಿಲೆ ಅನ್ನೂದನ್ನ ನಾ ಈ ಅಡಗಿಮನಿ ಬಾಗಲಾಗ ನಿಂತ ಕೇಳ್ತಿದ್ದೆ."