ಅಜ್ಜಿ ಒಪ್ಪದ ಗುಡ್ ಬೈ

ಸಮಸ್ತ ಭೂಮಂಡಲದ ಇಂಗ್ಲಿಷ್ ಕಲಿಕಾರ್ಥಿಗಳೇ, ವಿದಾಯವಾಕ್ಯ ವಿಶಾರದರೇ, ಸಾವಧಾನ.

ಇವತ್ತು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಗು ಕಿಟಕಿಯಿಂದ ‘ಬೈ ಬೈ’ ಎಂದು ಕೈಬೀಸಿತು. ನನಗೆ ಕಾಮಗೆರೆಯ ಅಜ್ಜಿ ನೆನಪಾದಳು.

ಚಿಕ್ಕಂದಿನಲ್ಲೊಮ್ಮೆ ಅವಳ ಮನೆಯಲ್ಲಿ ರಜೆ ಮುಗಿಸಿ ಊರಿಗೆ ಹೊರಟಿದ್ದೆ. ಬಸ್ಸಿನೊಳಗಿಂದ, ಹೊಸದಾಗಿ ಕಲಿತ ಗತ್ತಿನಲ್ಲಿ ‘ಗುಡ್ ಬೈ ಅಜ್ಜಿ’ ಅಂದೆ. ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಕಿಟಕಿಯ ಸರಳು ಹಿಡಿದುಕೊಂಡಳು.

“ಅಂಗಂದ್ರೇನ್ಲಾ?”

“ಓಯ್ತೀನಿ ಅಂತ.”

“ಬತ್ತೀನಿ ಅನ್ನು ಮಗಾ. ನಿಮ್ ತಾತ ಓಯ್ತೀನಿ ಅಂತ್ಲೇ ಓದ್ರು, ತಿರ್ಗ ಬರ್ನಿಲ್ಲ.”

ನಾನು ಪಟ್ಟು ಬಿಡದೆ ‘ಸೀ ಯೂ’ ಅಂದೆ. ಮತ್ತೆ ನೋಡ್ತೀನಿ ಅಂತ ಅರ್ಥ ಎಂದೆ.

“ಎಲ್ಲಿ ನೋಡೀಯ, ಫೋಟೊದಲ್ಲಾ?”

ಕಂಡಕ್ಟರ್ ಸೀಟಿ ಊದಿದರು. “ಅವ್ವಾ, ಕೈ ಬುಡಿ, ಟೈಮಾಯ್ತು.”

“ತಡೀರಿ ಸಾ, ಮಗ ಇನ್ನೂ ಬತ್ತೀನಿ ಅಂದಿಲ್ಲ.”

ಬಸ್ಸಿಡೀ ನನ್ನತ್ತ ತಿರುಗಿತು. ಅಜ್ಜಿ ಇನ್ನೊಂದು ಕೈಯನ್ನೂ ಸರಳಿಗೆ ಹಾಕಿದಳು. ತಮಾಷೆ ಸಾಕೆನಿಸಿ ಮೆಲ್ಲಗೆ ‘ಬತ್ತೀನಿ ಅಜ್ಜಿ’ ಅಂದೆ. ಆಮೇಲೆ ಕೈ ಬಿಟ್ಟಳು.

ಈಗ ನಾನು ಯಳಂದೂರಿನಲ್ಲಿ ಸ್ಪೋಕನ್ ಇಂಗ್ಲಿಷ್ ಪಾಠ ಹೇಳುತ್ತೇನೆ. ವಿದಾಯದ ಮಾತೆಲ್ಲ ಬಾಯಿಪಾಠ. ಒಂದು ವಿಷಯ ಮಾತ್ರ ನಿಮ್ಮಲ್ಲೇ ಇರಲಿ: ಪಾಠ ಮುಗಿಸಿ ಹೊರಡುವಾಗ ನನ್ನ ಬಾಯಿಂದ ಬರುವುದು ‘ಐ ವಿಲ್ ಗೋ ಅಂಡ್ ಕಮ್’. ಈಗ ಮಕ್ಕಳೆಲ್ಲ ಹಾಗೇ ಹೇಳುತ್ತಾರೆ.