ಅಡುಗೆ ತರಗತಿಗೊಂದು ಔತಣ

ಬಡವರ ಪರವಾಗಿ ವಾದಿಸಲು ಹೊರಟ ಹೆಂಗಸು ಯಾವ ಸೀರೆ ಉಡಬೇಕು, ನೀವೇ ಹೇಳಿ. ಆಫ್ರಿಕದ ಈ ಊರಿನ ಲಂಗಾಟಾ ಬಡಾವಣೆಯ ನಮ್ಮ ಮನೆಯಲ್ಲಿ ಇಂದು ಬೆಳಿಗ್ಗೆ ಹಾಲು ಕಾಸಿ, ಯಜಮಾನರ ಡಬ್ಬಿ ಕಟ್ಟಿ, ಬೀರು ತೆರೆದು ನಿಂತ ನನ್ನನ್ನು ಕಾಡಿದ ತತ್ತ್ವಜಿಜ್ಞಾಸೆ ಇದು. ರೇಷ್ಮೆಯುಟ್ಟರೆ ಕರುಣೆಗೆ ಕುಂದು. ಹತ್ತಿಯುಟ್ಟರೆ ದೇಣಿಗೆಯನ್ನು ನನ್ನ ಕೈಗೇ ಹಾಕಿಬಿಟ್ಟಾರೆಂಬ ಭಯ. ಪಶ್ಚಾತ್ತಾಪಕ್ಕೂ ಇಸ್ತ್ರಿ ಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಗಂಜಿ ಹಾಕಿದ ಹತ್ತಿಸೀರೆಯೇ ಗೆದ್ದಿತು.

ಇಲ್ಲಿಯ ಸಮುದಾಯ ಕಾಲೇಜಿನ ಅಡುಗೆ ತರಗತಿ, ಹಣ ಸಿಗದಿದ್ದರೆ ಮುಂದಿನ ಟರ್ಮಿಗೆ ಮುಚ್ಚುತ್ತದೆ. ನಮ್ಮ ಮನೆಗೆಲಸದ ಮರ್ಸಿಯ ಮಗಳು ಫೇತ್ ಅಲ್ಲಿ ಅರ್ಧ ಕಲಿತಿದ್ದಾಳೆ. ಅರ್ಧ ಕಲಿತ ಅಡುಗೆಗೆ ಯಾವ ಹೋಟೆಲೂ ಕೆಲಸ ಕೊಡದು, ಗಂಡ ಮಾತ್ರ ಸಿಕ್ಕಾನು. ಆದ್ದರಿಂದ ಮಹಿಳಾ ಸಮಿತಿಯವರಾದ ನಾವು ಗಿಗಿರಿಯ ವಿದೇಶಿ ಕಚೇರಿಗಳ ದಾನಿಗಳನ್ನು ಕರೆದು, ಸಿರಿವಂತರ ಬಡಾವಣೆ ಮುಥೈಗಾದಲ್ಲಿರುವ ಅಧ್ಯಕ್ಷೆಯ ಮನೆಯಲ್ಲಿ ಔತಣವಿಟ್ಟೆವು. ಊಟ ದೊಡ್ಡ ಹೋಟೆಲಿನಿಂದ ಬಂತು. "ರಿಸ್ಕ್ ತಗೊಳ್ಳೋದು ಬೇಡ ಕಣ್ರೀ" ಎಂದು ಅಧ್ಯಕ್ಷೆ ಹೇಳಿದಾಗ ಮೇಲೆದ್ದ ಕೈಗಳ ನಡುವೆ ನನ್ನ ಬಳೆಗಳೂ ಸದ್ದು ಮಾಡಿದ್ದವು.

ಫೇತ್ ಮತ್ತವಳ ಗೆಳತಿ ಬಿಳಿ ಟೋಪಿ ತೊಟ್ಟು ಬ್ಯಾನರಿನ ಎರಡು ತುದಿ ಹಿಡಿದು ನಿಂತರು. ಕಾಲೇಜಿನಲ್ಲಿ ಅವರೇ ಕರಿದು ತಂದಿದ್ದ ಮಂದಾಜಿಯನ್ನು, ಅಂದರೆ ನಮ್ಮ ಮಂಗಳೂರು ಬನ್ಸಿನ ಆಫ್ರಿಕದ ದಾಯಾದಿಯನ್ನು, ಡ್ರೈವರುಗಳಿಗೆಂದು ಹಿತ್ತಲಿಗೆ ಕಳಿಸಲಾಯಿತು. ಭಾಷಣಗಳಲ್ಲಿ 'ಸಬಲೀಕರಣ' ಎಂಬ ಪದ ಪಾಯಸದ ದ್ರಾಕ್ಷಿಯಂತೆ ಉಬ್ಬಿ ತೇಲಿತು. ಕೊನೆಗೆ ಮುಖ್ಯ ದಾನಿಗಳು ತುಟಿಯೊರೆಸಿಕೊಂಡು, ಊಟ ಅಮೋಘ, ಆದರೆ ಈ ಹುಡುಗಿಯರಿಗೆ ಅಡುಗೆ ಬರುತ್ತದೆಂಬುದಕ್ಕೆ ಪುರಾವೆ ಏನೆಂದು ಸವಿನಯವಾಗಿ ಕೇಳಿದರು. ಅಧ್ಯಕ್ಷೆ ಸವಿವರ ವರದಿ ಕಳಿಸುವ ಭರವಸೆಯಿತ್ತರು. ಹಿತ್ತಲಲ್ಲಿ ಡ್ರೈವರುಗಳು ಪುರಾವೆಯನ್ನು ಚಹಾದಲ್ಲಿ ಅದ್ದಿ ನುಂಗುತ್ತಿದ್ದರು. ದೇಣಿಗೆಯ ತೀರ್ಮಾನ ಮುಂದಕ್ಕೆ ಹೋಯಿತು.

"ಮಮಾ, ನಮ್ಮದನ್ನು ಯಾರಾದರೂ ತಿಂದರಾ?" ಎಂದು ಬ್ಯಾನರ್ ಮಡಚುತ್ತ ಫೇತ್ ನನ್ನನ್ನು ಕೇಳಿದಳು; ಇಲ್ಲಿ ಹಿರಿಯ ಹೆಂಗಸರೆಲ್ಲ 'ಮಮಾ'ಗಳೇ. ಎಲ್ಲಾ ಖಾಲಿ ಎಂದೆ. ಸುಳ್ಳಲ್ಲ, ಉಳಿದಿದ್ದ ನಾಲ್ಕು ನನ್ನ ಬ್ಯಾಗಿನಲ್ಲಿದ್ದವು.

ಸಂಜೆ, ಗಂಜಿಯ ಬಿಗುಮಾನವೆಲ್ಲ ಇಳಿದ ಅದೇ ಸೀರೆಯಲ್ಲಿ ಬೇಲಿಯ ಬಳಿ ನಿಂತು, ಪಕ್ಕದ ಮನೆಯ, ಮಂಗಳೂರು ಕಡೆಯ ಐರಿನ್ ಬಾಯಿಯವರಿಗೆ ಎರಡು ಮಂದಾಜಿ ಕೊಟ್ಟೆ. ಒಣಗಿದ ಬಟ್ಟೆ ತೆಗೆಯುತ್ತಲೇ ಒಂದನ್ನು ಬಾಯಿಗಿಟ್ಟರು.

"ಒಳ್ಳೆದುಂಟು ಮಾರಾಯ್ತಿ! ಯಾರು ಮಾಡಿದ್ದು?"

ಹೇಳಿದೆ, ಹೋಟೆಲಿನ ಊಟದ ಕಥೆಯನ್ನೂ ಹೇಳಿದೆ.

"ಮತ್ತೆ ಊಟ ಆ ಮಕ್ಕಳ ಹತ್ರವೇ ಮಾಡಿಸ್ಲಿಕ್ಕೆ ನಿಮಗೆ ಏನಾಗಿತ್ತು?" ಎಂದವರು, ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ನಡೆಯುತ್ತ ತಿರುಗಿ ನೋಡಿದರು. "ಅದಿರ್ಲಿ, ಸೀರೆ ಭಾರೀ ಲಾಯ್ಕುಂಟು."