ಅಪ್ಪ ಉಳಿಸಿದ ಗುಳಿಗೆಗಳು

ಅವ್ವನಿಗೆ ರಕ್ತದ ಕ್ಯಾನ್ಸರ್ ಎಂದು ಹೈದರಾಬಾದಿನ ಡಾಕ್ಟರು ಹೇಳಿದ ದಿನ ನಾನು ಅಳಲಿಲ್ಲ, ಸಿಟ್ಟಿಗೆದ್ದೆ. ಜಹೀರಾಬಾದಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ಜೀವಕೋಶ ಒಂದಿದ್ದದ್ದು ಎರಡಾಗುವುದನ್ನು, ಎರಡು ನಾಲ್ಕಾಗುವುದನ್ನು ವರ್ಷಾವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ನೋಡಿರಿ ಎಷ್ಟು ಚೆಂದ ಎಂದು ಮಕ್ಕಳಿಗೆ ತೋರಿಸಿದವಳು. ಆ ಚೆಂದದ ಕೆಲಸವೇ ನಮ್ಮ ಅವ್ವನ ಎಲುಬಿನೊಳಗೆ ಲಗಾಮಿಲ್ಲದೆ ನಡೆದಿತ್ತು.

ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಇದು ಹಳೆಯ ಔಷಧಗಳ ಹಾಗೆ ಕಂಡ ಕಂಡ ಕೋಶಗಳನ್ನೆಲ್ಲ ಕೊಲ್ಲುವುದಿಲ್ಲ ಎಂದರು. ಕೋಶಕ್ಕೆ ‘ಒಡೆ, ಇನ್ನೂ ಒಡೆ’ ಎಂದು ಬಿಡುವಿಲ್ಲದೆ ಹುಕುಂ ಮಾಡುವ ಒಂದು ಕೆಟ್ಟ ಪ್ರೋಟೀನ್ ಇದೆಯಂತೆ. ಗುಳಿಗೆಯೊಳಗಿನ ರಾಸಾಯನಿಕ ಹೋಗಿ ಅದರ ಸಂದಿಯಲ್ಲಿ ಕೂತು ಬಾಯಿ ಮುಚ್ಚಿಸುತ್ತದೆ. ಆದರೆ ಅದು ಮೈಯಲ್ಲಿ ಇರುವಷ್ಟು ಹೊತ್ತು ಮಾತ್ರ. ಒಂದು ದಿನವೂ ತಪ್ಪಬಾರದು ಎಂದು ಎರಡು ಸಲ ಹೇಳಿದರು.

ನಮ್ಮಪ್ಪ ಕುರಿ ಸಾಕುವವ. ನಾರಾಯಣಖೇಡ್ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವನೂ ಅವ್ವನೂ ಇಬ್ಬರೇ ಇದ್ದುದರಿಂದ ಗುಳಿಗೆ ಕೊಡುವ ಕೆಲಸ ಅವನದಾಯಿತು. “ಇದು ಎಂಥಾ ಔಷಧ ಯವ್ವಾ? ಕೊಲ್ಲಂಗಿಲ್ಲ ಅಂತೀ, ಮತ್ತ ಏನು ಮಾಡ್ತದ?” ಎಂದು ಕೇಳಿದ.

“ನೀ ಟಗರಿಗಿ ಬಟ್ಟಿ ಕಟ್ತೀಯಲ್ಲಾ ಅಪ್ಪಾ, ಹಂಗ,” ಎಂದೆ.

ಮರಿಗಳು ಹೊತ್ತಲ್ಲದ ಹೊತ್ತಿಗೆ ಹುಟ್ಟಬಾರದೆಂದು ನಮ್ಮ ಕಡೆ ಟಗರಿನ ಹೊಟ್ಟೆಯ ಕೆಳಗೆ ದಪ್ಪ ಬಟ್ಟೆ ಕಟ್ಟುತ್ತಾರೆ. ಟಗರು ಹಿಂಡಿನಲ್ಲೇ ಮೇಯುತ್ತಿರುತ್ತದೆ, ಅದಕ್ಕೇನೂ ಆಗುವುದಿಲ್ಲ. ಆದರೆ ಹಿಂಡು ಬೆಳೆಯುವುದಿಲ್ಲ. ಅಪ್ಪನ ಮುಖ ಅರಳಿತು. “ತಿಳೀತು ಬಿಡು,” ಅಂದ. ಇಷ್ಟು ಸರಳವಾಗಿ ಯಾವ ಡಾಕ್ಟರೂ ಹೇಳಲಾರ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ವರ್ಷ ಎಲ್ಲ ಸರಿಯಾಗಿ ನಡೆಯಿತು. ತಿಂಗಳಿಗೊಮ್ಮೆ ಅವ್ವನನ್ನು ಕರೆದೊಯ್ದು, ರಕ್ತ ತೋರಿಸಿ, ಮುಂದಿನ ತಿಂಗಳ ಗುಳಿಗೆ ತರುತ್ತಿದ್ದೆವು. ರೋಗಿ ಎದುರಿಗಿಲ್ಲದೆ ಆಸ್ಪತ್ರೆಯವರು ಗುಳಿಗೆ ಕೊಡುತ್ತಿರಲಿಲ್ಲ. ರಕ್ತ ಹದಕ್ಕೆ ಬಂದಿದೆ ಎಂದರು. ಗುಳಿಗೆ ಮಾತ್ರ ಅವ್ವನನ್ನು ಸುಖವಾಗಿರಲು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಕಣ್ಣ ಸುತ್ತ ಬಾವು, ರೊಟ್ಟಿ ಕಂಡರೆ ವಾಕರಿಕೆ. ಇರುವ ಒಂದು ಜೀವ ತಿಂದುಂಡು ಸುಖಪಡಲಾರದಲ್ಲ ಎಂದು ಅಪ್ಪ ಒಳಗೊಳಗೇ ನೊಂದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಎಲ್ಲರೂ ಕೆಲಸ ನಿಲ್ಲಿಸಿದ ಆ ದೊಡ್ಡ ಮುಷ್ಕರ ಬಂತು. ಬಸ್ಸುಗಳು ಡಿಪೋ ಬಿಟ್ಟು ಹೊರಬರಲಿಲ್ಲ, ಶಾಲೆಗೆ ಬೀಗ ಬಿತ್ತು. ನಾನೂ ಹೆದ್ದಾರಿ ಬದಿಯ ಟೆಂಟಿನಲ್ಲಿ ಕೂತೆ, ಗಂಟಲು ಹರಿಯುವಂತೆ ಕೂಗಿದೆ, ರಸ್ತೆಯ ಮೇಲೆ ಒಲೆ ಹೂಡಿ ಅಡುಗೆ ಮಾಡಿದೆ. ನಮ್ಮ ರಾಜ್ಯ ನಮಗೆ ಬೇಕು ಎಂದು ಮನಸಾರೆ ನಂಬಿದ್ದೆ. ನಾಳೆ ಮುಗಿಯುತ್ತದೆ, ನಾಡಿದ್ದು ಮುಗಿಯುತ್ತದೆ ಎನ್ನುತ್ತ ಅವ್ವ ಹೈದರಾಬಾದಿಗೆ ಹೋಗಬೇಕಾದ ತಾರೀಖು ದಾಟಿತು. ಜೀಪುಗಳು ಓಡುತ್ತಿದ್ದವು, ಒಳಗೂ ಮೇಲೂ ಜನ ತುಂಬಿಕೊಂಡು. ಅದರಲ್ಲಿ ಅವಳನ್ನು ಹೇಗೆ ಕೂರಿಸುವುದು ಎಂದುಕೊಂಡು ಅಪ್ಪನಿಗೆ ಫೋನ್ ಮಾಡಿದೆ.

“ಗುಳಿಗಿ ಅದಾವೇನು ಅಪ್ಪಾ?”

“ಅದಾವ, ಅದಾವ. ನೀ ಫಿಕರ್ ಮಾಡಬ್ಯಾಡ. ಬಸ್ ಸುರು ಆಗೋತನ ಸಾಕಾಗ್ತಾವ.”

ಒಂದು ತಿಂಗಳಿಗೆಂದು ತಂದ ಗುಳಿಗೆಗಳು ತಿಂಗಳು ದಾಟಿದ ಮೇಲೂ ಹೇಗೆ ಉಳಿಯುತ್ತವೆ? ಎರಡನೆಯ ತರಗತಿಯ ಮಗು ಕೂಡ ಕೇಳುವ ಪ್ರಶ್ನೆ. ನಾನು ಕೇಳಲಿಲ್ಲ. ಸಾಕಾಗುತ್ತವೆ ಎಂಬ ಮಾತಿಗೇ ಕಾದಿದ್ದವಳಂತೆ ಫೋನ್ ಇಟ್ಟುಬಿಟ್ಟೆ. ಇವತ್ತಿಗೂ ಅದು ನೆನಪಾದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಒಂದು ದಿನ ಪರಿಚಯದವರ ಬೈಕಿನ ಹಿಂದೆ ಕೂತು ಹಳ್ಳಿಗೆ ಹೋದೆ. ಅವ್ವನ ಕಣ್ಣ ಬಾವು ಇಳಿದಿತ್ತು. ನನ್ನ ಎದುರಿಗೇ ಎರಡು ಜೋಳದ ರೊಟ್ಟಿ ತಿಂದಳು. “ಈಗ ಮೈ ಹಗರ ಆಗೇದ ನೋಡು. ಗುಳಿಗಿ ಮೈಗಿ ಹೊಂದ್ಯಾವ,” ಎಂದಳು. ನಾನು ಸಂತೋಷಕ್ಕೆ ಅತ್ತೆ. ವಿಜ್ಞಾನದ ಟೀಚರು!

ಬಸ್ಸು ಸುರುವಾದ ವಾರವೇ ಮೂವರೂ ಹೈದರಾಬಾದಿಗೆ ಹೋದೆವು. ರಕ್ತದ ರಿಪೋರ್ಟ್ ನೋಡಿ ಡಾಕ್ಟರ ಮುಖ ಬಿಗಿಯಿತು. ಬಿಳಿ ರಕ್ತಕಣಗಳು ಮತ್ತೆ ಏರಿದ್ದವು. ಗುಳಿಗೆ ತಪ್ಪಿತೇ ಎಂದು ತೆಲುಗಿನಲ್ಲಿ ಕೇಳಿದರು. ಒಂದೂ ತಪ್ಪಿಲ್ಲ ಎಂದೆ. ಆಗ ಅಪ್ಪ ಒಳಜೇಬಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಐದು ಗುಳಿಗೆಗಳಿದ್ದವು. ಇನ್ನೂ ಇಷ್ಟು ಉಳಿಸಿದ್ದೇನೆ, ಬಸ್ಸು ನಿಂತಾಗಿನಿಂದ ದಿನ ಬಿಟ್ಟು ದಿನ ಕೊಟ್ಟೆ ಎಂದು ಡಾಕ್ಟರಿಗೆ ತೆಲುಗಿನಲ್ಲೇ ಹೇಳಿದ. ಭೇಷ್ ಅನ್ನಿಸಿಕೊಳ್ಳಲು ನಿಂತವನ ಹಾಗೆ ನಿಂತಿದ್ದ. ನನ್ನ ಮುಖ ನೋಡಿ ಗಾಬರಿಯಾಗಿ ಕನ್ನಡಕ್ಕೆ ತಿರುಗಿದ.

“ರಕ್ತ ಹದಕ್ಕ ಬಂದದ ಅಂದಿದ್ರಲ್ಲ ಯವ್ವಾ. ಬೆದಿ ಹಂಗಾಮ ದಾಟಿದ ಟಗರಿಗಿ ದಿನಾ ಯಾಕ ಬಟ್ಟಿ? ನಡುವ ನಡುವ ಕಟ್ಟಿದ್ರ ಸಾಕು. ನೀನೇ ಹೇಳಿದ್ದಿಯಲ್ಲ.”

ಅರೆಬರೆ ಗುಳಿಗೆಯಲ್ಲಿ ಕೆಲವು ಕೋಶಗಳು ತಪ್ಪಿಸಿಕೊಂಡಿರಬಹುದು, ಅವುಗಳ ಪ್ರೋಟೀನಿನ ಆಕಾರವೇ ಬದಲಾಗಿದ್ದರೆ ಈ ಗುಳಿಗೆ ಇನ್ನು ಅಲ್ಲಿ ಕೂರಲಾರದು ಎಂದರು ಡಾಕ್ಟರು. ಆ ಬದಲಾವಣೆ ಮೊದಲೇ ಆಗಿದ್ದಿರಲೂಬಹುದು, ಯಾರೂ ಖಚಿತವಾಗಿ ಹೇಳಲಾರರು ಎಂದೂ ಅಂದರು. ಪ್ರಮಾಣ ಹೆಚ್ಚಿಸಿ ನೋಡೋಣ ಎಂದರು. ನನ್ನ ಕಿವಿಗೆ ಮೊದಲ ಮಾತಷ್ಟೇ ಹೋಗಿತ್ತು.

ಹೊರಗೆ ಬಂದವಳೇ ಅಷ್ಟು ಜನರ ನಡುವೆ ಅಪ್ಪನ ಮೇಲೆ ಹಾರಿದೆ. “ನೀನೇ ಕೊಂದಿ ಅವ್ವಗ! ನಿನ್ನ ಕೈಯಾರೆ ಕೊಂದಿ!” ಅವ್ವ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು, ಎಲ್ಲ ಕೇಳಿಸಿಕೊಂಡಳು. ಟಗರಿನ ಮಾತು ತೆಗೆದವಳು ನಾನು ಎಂದು ಅಪ್ಪ ತಿರುಗಿ ಅನ್ನಲಿಲ್ಲ.

ಅವ್ವನನ್ನು ಜಹೀರಾಬಾದಿನ ನನ್ನ ಮನೆಗೆ ಕರೆತಂದೆ. ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಅಪ್ಪನೂ ಬಂದ. ಗುಳಿಗೆಯನ್ನು ಈಗ ನಾನೇ ಕೊಡುತ್ತಿದ್ದೆ, ಅಪ್ಪನಿಗೆ ಡಬ್ಬಿ ಮುಟ್ಟಲೂ ಬಿಡುತ್ತಿರಲಿಲ್ಲ. ಏನೂ ಉಪಯೋಗವಾಗಲಿಲ್ಲ. ಜ್ವರ ಬಂತು, ಎಡಪಕ್ಕೆಯ ಕೆಳಗೆ ಗಡ್ಡೆಯಂತೆ ಬಾತುಕೊಂಡಿತು, ನನ್ನ ಕಣ್ಣೆದುರಿಗೇ ಅವಳು ಸಣ್ಣಗಾಗುತ್ತ ಹೋದಳು. ಏನು ಮಾಡಲಿ, ಯಾರ ಕಾಲು ಹಿಡಿಯಲಿ ಎಂದು ಒದ್ದಾಡಿದೆ. ಆ ಒದ್ದಾಟವೂ ಸಿಟ್ಟಾಗಿ ಅಪ್ಪನ ಮೇಲೇ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಗುಳಿಗೆ ಹಿಡಿದು ಹೋದರೆ ಅವ್ವ ತುಟಿ ಬಿಗಿದಳು. ಬಾಗಿಲ ಬಳಿ ನಿಂತಿದ್ದ ಅಪ್ಪನ ಕಡೆ ಅಂಗೈ ಚಾಚಿದಳು.

“ಬರ್ರಿ. ನೀವೇ ಕೊಡ್ರಿ.”

“ನನ್ನ ಕೈ ಬ್ಯಾಡ,” ಎಂದ ಅಪ್ಪ.

“ನಂಗ ಅದೇ ಕೈ ಬೇಕು.”

ಅಪ್ಪ ನನ್ನ ಕೈಯಿಂದ ಗುಳಿಗೆ ತೆಗೆದುಕೊಂಡ. ಅವ್ವನೇ ಅವನ ಕೈ ಹಿಡಿದು ಬಾಯಿಗೆ ಹಾಕಿಸಿಕೊಂಡಳು. ನೀರು ಕುಡಿದು ನನ್ನ ಕಡೆ ತಿರುಗಿದಳು.

“ಆತು. ಈಗ ನೀ ಒಂದು ಮಾತು ಅನ್ನು ನಿಮ್ಮಪ್ಪಗ.”

ಯಾವ ಮಾತು ಎಂದು ನನಗೆ ಗೊತ್ತಿತ್ತು. ತಪ್ಪು ನಂದೂ ಅದ ಅಪ್ಪಾ ಎಂದರೆ ಸಾಕಿತ್ತು. ಶಾಲೆಗೆ ಹೊತ್ತಾಯಿತು ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ.

ಅದೇ ತಿಂಗಳು ಅವ್ವ ಹೋದಳು. ಅಪ್ಪ ಇನ್ನೂ ಇದ್ದಾನೆ. ನಾನು ಇನ್ನೂ ಹೇಳಿಲ್ಲ.